ಇಲಾಖೆಯ ವಕೀಲರು ನಮ್ಮ ವಕೀಲರಲ್ಲ

ಲಂಡನ್: ‘ಮಾತಾಡಿ ಸೆಟ್ಲ್ ಮಾಡಿಸಿ ಸಾರ್, ಅರ್ಧ ಕಟ್ಟಿಬಿಡೋಣ.’ ಬ್ರಿಟನ್ನಿನ ತೆರಿಗೆ ಇಲಾಖೆಯ ಪತ್ರ ಹಿಡಿದು ನಮ್ಮ ಕಚೇರಿಗೆ ಬರುವ ಕನ್ನಡಿಗರು ಬಹುತೇಕ ಇದನ್ನೇ ಹೇಳುತ್ತಾರೆ. ಲೆಕ್ಕ ನೋಡುವುದು ನಮ್ಮ ಕಸುಬು. ಆದರೆ ವಿವಾದ ನ್ಯಾಯಮಂಡಳಿಯ ಕಡೆಗೆ ತಿರುಗಿದರೆ ಎದುರಿಗೆ ಬರುವವರು ಇಲಾಖೆಯ ಸಂಬಳದಲ್ಲೇ ಇರುವ ವಕೀಲರು.

ಊರಿನಲ್ಲಿ ಹೀಗಿಲ್ಲ. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಸರ್ಕಾರದ ಪರ ಸಾಮಾನ್ಯವಾಗಿ ಇಲಾಖೆಯ ಅಧಿಕಾರಿಯೇ ನಿಲ್ಲುತ್ತಾರೆ. ಹೈಕೋರ್ಟಿನಲ್ಲಾದರೆ ಹೊರಗಿನ ವಕೀಲರು. ಪೂರ್ಣಾವಧಿ ಸಂಬಳದ ನೌಕರಿ ಹಿಡಿದವರು ವಕೀಲಿ ಮಾಡುವಂತಿಲ್ಲ ಎನ್ನುತ್ತದೆ ಬಾರ್ ಕೌನ್ಸಿಲ್‌ನ 49ನೇ ನಿಯಮ. ಇಲ್ಲಿ ಎಚ್‌ಎಂಆರ್‌ಸಿಗೆ ತನ್ನದೇ ಸಾಲಿಸಿಟರ್ ಕಚೇರಿ ಇದೆ. ಅಲ್ಲಿನವರು ಸರ್ಕಾರಿ ನೌಕರರೂ ಹೌದು, ವಕೀಲರೂ ಹೌದು. (ಸಣ್ಣ ಪ್ರಕರಣಗಳಲ್ಲಿ ವಕೀಲರಲ್ಲದ ಅಧಿಕಾರಿ ವಾದಿಸುವುದೂ ಉಂಟು.) ಅವರ ಕಕ್ಷಿದಾರ ಇಲಾಖೆ ಮಾತ್ರ.

ಇದು ಗೊತ್ತಿದ್ದೂ ಕೆಲವು ವರ್ಷಗಳ ಹಿಂದೆ ನಾವು ಎಡವಿದೆವು. ಕಕ್ಷಿದಾರರು ಎಂಜಿನಿಯರ್. ಬೆಂಗಳೂರಿನ ಮನೆಯ ಬಾಡಿಗೆಯನ್ನು ಇಲ್ಲಿ ತೋರಿಸಿರಲಿಲ್ಲ. ‘ಅಲ್ಲೇ ತೆರಿಗೆ ಕಟ್ಟಿದ್ದೀನಲ್ಲ’ ಎಂಬುದು ಅವರ ವಾದ. ಇಲಾಖೆಯ ವಕೀಲೆ ಫೋನಿನಲ್ಲಿ ಮೊದಲೇ ಹೇಳಿದರು: ನಾನು ಇಲಾಖೆಯ ಪರ, ನಿಮಗೆ ಸಲಹೆ ಕೊಡಲಾಗದು, ನೀವು ಹೇಳಿದ್ದನ್ನು ಬರೆದುಕೊಳ್ಳುತ್ತೇನೆ. ಇಂಗ್ಲಿಷರ ಉಪಚಾರದ ಮಾತು ಎಂದುಕೊಂಡೆವು. ಮಾತು ಮುಂದುವರಿದು, ಬಾಡಿಗೆ ತೋರಿಸಬೇಕೆಂದು ಎರಡು ವರ್ಷದ ಹಿಂದೆಯೇ ನಾವು ಪತ್ರ ಬರೆದಿದ್ದೆವು ಎಂದುಬಿಟ್ಟೆವು. ನಮ್ಮ ಶ್ರದ್ಧೆ ತೋರಿಸಿಕೊಳ್ಳುವ ಚಪಲ!

ವಾರದೊಳಗೆ ಆ ಪತ್ರದ ಪ್ರತಿಯನ್ನು ಕಕ್ಷಿದಾರರಿಂದಲೇ ಕೇಳಿದರು. ವಕೀಲರ ಸಲಹೆಯಾಗಿದ್ದರೆ ಗೋಪ್ಯವಾಗಿ ಉಳಿಯುತ್ತಿತ್ತು. ತೆರಿಗೆ ಸಲಹೆಯನ್ನೇ ಕೊಟ್ಟರೂ ಲೆಕ್ಕಪರಿಶೋಧಕರಿಗೆ ಆ ರಕ್ಷಣೆ ಇಲ್ಲವೆಂದು ಪ್ರುಡೆನ್ಷಿಯಲ್ ಪ್ರಕರಣದಲ್ಲಿ 2013ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಇಲಾಖೆಯ ಸಂಬಳದ ವಕೀಲರು ಇಲಾಖೆಗೆ ಕೊಡುವ ಸಲಹೆಗೆ ಮಾತ್ರ ಆ ರಕ್ಷಣೆ ಉಂಟು. ಅದು 1972ರಲ್ಲೇ ಕ್ರಾಂಪ್ಟನ್ ಪ್ರಕರಣದಲ್ಲಿ ಇತ್ಯರ್ಥವಾದದ್ದು. ಅವರ ಕಡತ ನಮಗೆ ಸಿಗದು, ನಮ್ಮ ಪತ್ರ ಅವರಿಗೆ ಸಿಕ್ಕಿತು. ಅಜಾಗರೂಕತೆ ಎನ್ನುತ್ತಿದ್ದ ಪ್ರಕರಣ ‘ಗೊತ್ತಿದ್ದೂ ಬಿಟ್ಟದ್ದು’ ಆಯಿತು. ದಂಡ ಏರಿತು. ಕಕ್ಷಿದಾರರ ಮುಖ ನೋಡಲು ನಮಗೆ ಕಷ್ಟವಾಯಿತು.

ಆದರೆ ಅದೇ ವಕೀಲೆಯ ಇನ್ನೊಂದು ಮುಖವನ್ನೂ ಹೇಳಬೇಕು. ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಿಂದ ಕಳೆಯಬೇಕೆಂದು ಕೇಳಿದ್ದೆವು. ಅಲ್ಲಿನ ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ, ಇಲ್ಲಿನದು ಏಪ್ರಿಲ್ 6ಕ್ಕೆ ಶುರುವಾಗುವುದರಿಂದ ಲೆಕ್ಕ ಹೊಂದುತ್ತಿರಲಿಲ್ಲ. ಟಿಡಿಎಸ್ ಕಾಗದಗಳನ್ನು ತಿಂಗಳುವಾರು ಜೋಡಿಸಿ ಕಳಿಸಿದೆವು. ಆ ಅಂಶವನ್ನು ಇಲಾಖೆ ಪೂರ್ತಿ ಒಪ್ಪಿಕೊಂಡಿತು, ಚೌಕಾಸಿಯಿಲ್ಲದೆ. ವಿವಾದಗಳನ್ನು ಹೇಗೆ ಮುಗಿಸಬೇಕೆಂದು ಎಚ್‌ಎಂಆರ್‌ಸಿ ಪ್ರಕಟಿಸಿರುವ ನೀತಿಯೇ ಹಾಗೆ: ಇದೆ ಅಥವಾ ಇಲ್ಲ ಎನ್ನುವಂಥ ಪ್ರಶ್ನೆಯಲ್ಲಿ ಅರ್ಧರ್ಧ ರಾಜಿ ಇಲ್ಲ, ಸೋಲುವ ವಾದವನ್ನು ಎಳೆದಾಡುವಂತೆಯೂ ಇಲ್ಲ.

ಈಗ ಇಲಾಖೆಯ ವಕೀಲರೊಡನೆ ನಾವು ಪತ್ರದಲ್ಲೇ ವ್ಯವಹರಿಸುತ್ತೇವೆ. ಪತ್ರ ಬಂದ ಮನೆಯವರಿಗೆ ಮೊದಲು ಹೇಳುವುದು ದಿನಾಂಕ ನೋಡಿ ಎಂದು. ಮೇಲ್ಮನವಿಗೆ ಸಾಮಾನ್ಯವಾಗಿ 30 ದಿನ. ಆ ಎಂಜಿನಿಯರ್ ನಮ್ಮನ್ನು ಬಿಟ್ಟಿಲ್ಲ. ಜನವರಿ 31ರ ಗಡುವಿಗೆ ಮೊದಲೇ ಬಾಡಿಗೆ ಲೆಕ್ಕ ತಂದು ಮೇಜಿನ ಮೇಲಿಟ್ಟು, ‘ಸಾರ್, ಈ ಸಲ ಕಾಗದ ಗೀಗದ ಬರೀಬೇಡಿ, ಬಾಯಲ್ಲೇ ಹೇಳಿ’ ಎನ್ನುತ್ತಾರೆ.

ನಾವು ಬರೆದೇ ಕಳಿಸುತ್ತೇವೆ.