ಡೊಮೇನ್ ನೋಂದಣಿ ಮತ್ತು ಗೋಪ್ಯತೆ

ಪ್ರಶ್ನೆ: ಡೊಮೇನ್ ಹೆಸರನ್ನು ನೋಂದಾಯಿಸಿದರೆ ನನ್ನ ಮನೆವಿಳಾಸ ಬಯಲಾಗುವುದೇ?

ಉತ್ತರ: ಬಹುಕಾಲ ಹಾಗೆಯೇ ಆಗುತ್ತಿದ್ದಿತು, ಹೂಈಸ್ ಎಂಬ ಸಾರ್ವಜನಿಕ ದಾಖಲೆಯಲ್ಲಿ ನೋಂದಣಿದಾರನ ಹೆಸರು, ಅಂಚೆವಿಳಾಸ, ದೂರವಾಣಿ ಸಂಖ್ಯೆಗಳನ್ನು ಯಾರು ಬೇಕಾದರೂ ಓದಬಹುದಾಗಿದ್ದು, ವಂಚಕರಿಗೆ ಅದು ತೆರೆದ ಉಗ್ರಾಣವಾಗಿ ಪರಿಣಮಿಸಿದ್ದಿತು. ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣಾ ನಿಯಮವು 2018ರ ಮೇ 25ರಂದು ಜಾರಿಗೆ ಬಂದಾಗ, ಡಾಟ್ ಕಾಮ್ ಮೊದಲಾದ ನಾಮಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯು ತನ್ನ ನಿಯಮಗಳನ್ನು ಬದಲಿಸಿದುದರಿಂದ, ಈಗ ವ್ಯಕ್ತಿಗಳ ವಿವರಗಳು ಸಾಮಾನ್ಯವಾಗಿ ಮರೆಯಲ್ಲಿರುತ್ತವೆ. ಆದರೂ ರಾಜ್ಯ, ರಾಷ್ಟ್ರ, ಸಂಸ್ಥೆಗಳ ಹೆಸರುಗಳು ಕಾಣಿಸಬಹುದಾದ ಕಾರಣ, ‘ಸಂಸ್ಥೆ’ ಎಂಬ ಅಂಕಣದಲ್ಲಿ ಸ್ವಂತ ಹೆಸರನ್ನು ತುಂಬದಿರುವುದೂ, ಡಾಟ್ ಕಾಮ್‌ನಂತಹ ನಾಮಗಳಿಗೆ ನೋಂದಣಿ ಕಂಪನಿಯ ಗೋಪ್ಯತಾ ಸೇವೆಯನ್ನು ಪಡೆಯುವುದೂ ಕ್ಷೇಮಕರ. ಸುಳ್ಳು ವಿವರವನ್ನು ಮಾತ್ರ ಎಂದಿಗೂ ಕೊಡಬಾರದು; ಅದರಿಂದ ನಾಮವೇ ರದ್ದಾದೀತು.