ನಿಮಗಿದು ಗೊತ್ತೇ? ಸಾಲಿನೊಳಗೆ ಸಮೀಕರಣ ಕೂರುವ ಬಗೆ

● ಅಚ್ಚಿನ ಅಕ್ಷರಗಳೆಲ್ಲ ಕಣ್ಣಿಗೆ ಕಾಣದ ಒಂದು ಗೆರೆಯ ಮೇಲೆ ಕೂರುತ್ತವೆ. ಅದೇ ಬೇಸ್‌ಲೈನ್. ಸಾಲಿನ ನಡುವೆ ಬರುವ ಸಮೀಕರಣದ ಅಕ್ಷರಗಳೂ ಅದೇ ಗೆರೆಯ ಮೇಲೆ ಕೂತರೆ ಓದು ಸರಾಗ.

● ಗಣಿತಕ್ಕೆ ಇನ್ನೊಂದು ಗೆರೆಯೂ ಉಂಟು. ಬೇಸ್‌ಲೈನ್‌ಗಿಂತ ತುಸು ಮೇಲಿರುವ ಇದು ಗಣಿತದ ಅಕ್ಷ. ಕಳೆಯುವ ಚಿಹ್ನೆಯೂ ಭಿನ್ನರಾಶಿಯ ನಡುಗೆರೆಯೂ ಇದರ ಮೇಲೇ ಬರುತ್ತವೆ.

● 1977ರಲ್ಲಿ ತಮ್ಮ ಪುಸ್ತಕದ ಕರಡಚ್ಚಿನ ಅಂದಗೇಡು ನೋಡಿ ಬೇಸರಗೊಂಡ ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ಅಚ್ಚಿನ ಪುಟ ಜೋಡಿಸುವ ‘ಟೆಕ್’ ತಂತ್ರಾಂಶ ರೂಪಿಸಲು ಹೊರಟರು. ಅದರಲ್ಲಿ ಪ್ರತಿ ಅಕ್ಷರಕ್ಕೂ ಮೂರು ಅಳತೆ: ಅಗಲ, ಬೇಸ್‌ಲೈನ್‌ನಿಂದ ಮೇಲಿನ ಎತ್ತರ, ಕೆಳಗಿನ ಆಳ.

● ಚಿತ್ರವಾಗಿ ಅಂಟಿಸಿದ ಸಮೀಕರಣಕ್ಕೆ ಈ ಆಳವೇ ಇಲ್ಲ. ಚಿತ್ರದ ಕೆಳ ಅಂಚು ಬೇಸ್‌ಲೈನ್ ಮೇಲೆ ನಿಲ್ಲುವುದರಿಂದ ಛೇದವೂ ಸೇರಿ ಭಿನ್ನರಾಶಿ ಇಡಿಯಾಗಿ ಮೇಲೆದ್ದು ಕಾಣುತ್ತದೆ.

● ಹಾಗೆ ಮೇಲೆದ್ದಿದ್ದನ್ನು ವರ್ಡ್‌ನಲ್ಲಿ ಇಳಿಸಬಹುದು. ಚಿತ್ರವನ್ನು ಆಯ್ದು, ಫಾಂಟ್ ಕಿಟಕಿಯ ‘ಅಡ್ವಾನ್ಸ್ಡ್’ ಪುಟದಲ್ಲಿ ‘ಪೊಸಿಷನ್’ ಅನ್ನು ‘ಲೋವರ್ಡ್’ ಮಾಡಿ, ಎಷ್ಟು ಪಾಯಿಂಟ್ ಎಂದು ತಿಳಿಸಿದರಾಯಿತು.

● ವರ್ಡ್ 2007ರಿಂದ ಈ ಪಾಡು ಬೇಕಿಲ್ಲ. ಆಲ್ಟ್ ಜೊತೆ ಸಮ ಚಿಹ್ನೆಯ ಕೀಲಿ ಒತ್ತಿದರೆ ಸಮೀಕರಣದ ಚೌಕ ತೆರೆಯುತ್ತದೆ. ಜೋಡಣೆಯನ್ನು ಕ್ಯಾಂಬ್ರಿಯಾ ಮ್ಯಾತ್ ಫಾಂಟ್‌ನೊಳಗಿನ ಅಳತೆಗಳೇ ನೋಡಿಕೊಳ್ಳುತ್ತವೆ.

● ಆದರೆ ಅದೇ ಫಾಂಟನ್ನು ಸಾಮಾನ್ಯ ಬರಹಕ್ಕೆ ಹಾಕಿದರೆ ಸಾಲುಗಳ ನಡುವೆ ಭಾರಿ ಅಂತರ ಬೀಳುತ್ತದೆ.

● ಲಿಬ್ರೆಆಫೀಸ್ ರೈಟರ್‌ನಲ್ಲಿ ಸೂತ್ರಗಳನ್ನು ಬೇಸ್‌ಲೈನ್‌ಗೆ ತರಲೆಂದೇ ‘ಮ್ಯಾತ್ ಬೇಸ್‌ಲೈನ್ ಅಲೈನ್‌ಮೆಂಟ್’ ಎಂಬ ಆಯ್ಕೆಯಿದೆ.

● ವರ್ಡ್‌ನಲ್ಲಿ ಸಮೀಕರಣ ಸಾಲಿನಲ್ಲಿ ಒಂಟಿಯಾಗಿದ್ದರೆ ದೊಡ್ಡದಾಗಿ ಕಾಣುತ್ತದೆ. ಪಕ್ಕದಲ್ಲಿ ಒಂದು ಪದ ಬರೆದರೆ ಸಾಕು, ಭಿನ್ನರಾಶಿ ಕುಗ್ಗುತ್ತದೆ. ಸಿಗ್ಮಾ ಚಿಹ್ನೆಯ ಮೇಲೆ, ಕೆಳಗೆ ಇದ್ದ ಮಿತಿಗಳು ಪಕ್ಕಕ್ಕೆ ಸರಿಯುತ್ತವೆ. ಇದು ದೋಷವಲ್ಲ, ಸಾಲುಗಳ ಅಂತರ ಕೆಡದಿರಲು ಮಾಡಿದ ಏರ್ಪಾಡು.

● ಸಾಲಿನ ಅಂತರಕ್ಕೆ ‘ಎಕ್ಸಾಕ್ಟ್‌ಲಿ’ ಆರಿಸಿದ್ದರೆ ಚಿತ್ರರೂಪದ ಎತ್ತರದ ಸಮೀಕರಣದ ತಲೆ ಕತ್ತರಿಸಿಹೋಗುತ್ತದೆ. ‘ಅಟ್ ಲೀಸ್ಟ್’ ಆರಿಸಿದರೆ ಪೂರ್ತಿ ಕಾಣುತ್ತದೆ.

● ಕನ್ನಡದ ಒತ್ತಕ್ಷರಗಳು ಬೇಸ್‌ಲೈನ್‌ನ ಕೆಳಗಿಳಿಯುತ್ತವೆ. ಭಿನ್ನರಾಶಿಗಳು ತುಂಬಿದ ಕನ್ನಡ ಪಾಠಕ್ಕೆ ಸಾಲಿನ ಅಂತರ ಸ್ವಲ್ಪ ಹೆಚ್ಚೇ ಇರಲಿ.

● ಸಾಲಿನ ನಡುವೆ ಭಿನ್ನರಾಶಿಯನ್ನು ಓರೆಗೆರೆ ಹಾಕಿ ಬರೆದರೆ ಎತ್ತರದ ತೊಡಕೇ ಇಲ್ಲ. ಅಂಶದಲ್ಲೋ ಛೇದದಲ್ಲೋ ಒಂದಕ್ಕಿಂತ ಹೆಚ್ಚು ಪದಗಳಿದ್ದರೆ ಆವರಣ ಹಾಕುವುದನ್ನು ಮಾತ್ರ ಮರೆಯಬಾರದು.

ಪ್ರಶ್ನೆಪತ್ರಿಕೆ, ನೋಟ್ಸ್ ಸಿದ್ಧಪಡಿಸುವ ಶಿಕ್ಷಕರೇ, ಸಮೀಕರಣವನ್ನು ಚಿತ್ರವಾಗಿ ಅಂಟಿಸಬೇಡಿ, ಟೈಪ್ ಮಾಡಿ. ಸಾಲಿಗೆ ಸರಿಯಾಗಿ ಕೂರುತ್ತದೆ. ತಪ್ಪಿದ್ದರೆ ತಿದ್ದಲೂ ಬರುತ್ತದೆ.