ಮೂಕಿಮರದೊಳಗೊಂದು ದಾರಿ

ಮಂಡ್ಯ ದಾಟಿ ಮೈಸೂರಿನ ಕಡೆಗೆ ಹೊರಟ ರೈಲಿಗೆ ಸಿಗುವ ಸಣ್ಣ ನಿಲ್ದಾಣ ಯಲಿಯೂರು. ಅಲ್ಲಿ ನಮ್ಮ ಮನೆಯ ಹಿತ್ತಿಲಲ್ಲಿ ತಂದೆಯವರ ಕಬ್ಬಿನ ಗಾಡಿ ಬಹುಕಾಲ ಮಳೆಬಿಸಿಲಿಗೆ ಮೈಯೊಡ್ಡಿ ನಿಂತಿತ್ತು. ಉಳಿದುದನ್ನೆಲ್ಲ ಗೆದ್ದಲು ಮುಗಿಸಿದ ಮೇಲೆ ದಕ್ಕಿದ್ದು ಮೂಕಿಮರದ ಇಪ್ಪತ್ತು ಅಂಗುಲದ ಒಂದು ತುಂಡು, ಜಾಲಿಯ ಚೇಗು. ಅದನ್ನು ದೀಪದ ಕಂಬವಾಗಿಸಿ ಓದುವ ಮೇಜಿನ ಮೇಲಿಡಬೇಕೆಂದು ನನ್ನ ಆಸೆ. ವಿದ್ಯುತ್ ತಂತಿ ಹಾಯಲು ಬುಡದಿಂದ ತುದಿಯವರೆಗೆ ಮೂರು ನೂಲು ಅಗಲದ ರಂಧ್ರವೊಂದು ಬೇಕಿತ್ತು. ಕೆಟ್ಟರೆ ಇನ್ನೊಂದು ತುಂಡಿರಲಿಲ್ಲ.

ಕಬ್ಬಿಣ ಕೊರೆಯುವ ಡ್ರಿಲ್ಲಿಗೆ ಉದ್ದನೆಯ ಸರಳನ್ನು ಬೆಸೆದರೆ ತೀರಿತು ಎಂದು ನಾನು ಬಗೆದೆ. ಭೌತಶಾಸ್ತ್ರ ಬೋಧಿಸಿದವನ ಜಂಬವದು. ಊರಿನ ಬಡಗಿ ಆಚಾರ್ರು ನಕ್ಕು, ಬೇರೊಂದು ಜಾಲಿ ಕೊರಡಿನ ಮೇಲೆ ಮೊದಲು ಪರೀಕ್ಷಿಸಲು ಹೇಳಿದರು. ಪುಣ್ಯಕ್ಕೆ ಆ ಮಾತು ಕೇಳಿದೆ. ಒಂಬತ್ತು ಅಂಗುಲ ಇಳಿಯುವಷ್ಟರಲ್ಲಿ ಡ್ರಿಲ್ಲಿನ ಮೊನೆ ಕೊರಡಿನ ಪಕ್ಕೆಯನ್ನು ಸೀಳಿಕೊಂಡು ಹೊರಗೆ ಇಣುಕಿತು.

"ಅದಕ್ಕೆ ಕಣ್ಣಿಲ್ಲ ಮೇಷ್ಟ್ರೇ, ಮರ ಎಳೆದತ್ತ ಹೋಯ್ತದೆ" ಎಂದರು ಆಚಾರ್ರು.

ಕಬ್ಬಿಣ ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಒಂದೇ. ಮರ ಹಾಗಲ್ಲ, ಅದಕ್ಕೆ ಎಳೆಗಳುಂಟು, ಗಡುಸು ಪದರದ ಪಕ್ಕದಲ್ಲೇ ಮೆದು ಪದರವುಂಟು. ಎರಡು ಅಲಗಿನ ಡ್ರಿಲ್ಲಿನ ಮೊನೆ ಗಡುಸಿಗೆ ತಾಗಿದೊಡನೆ ಮೆದುವಿನತ್ತ ಜಾರುತ್ತದೆ. ಒಮ್ಮೆ ಜಾರಿತೆಂದರೆ ಉದ್ದನೆಯ ತೆಳು ಸರಳು ಅದನ್ನು ತಡೆಯಲಾರದೆ ತಾನೂ ಬಾಗುತ್ತದೆ.

ಇದಕ್ಕೆ ಉಪಾಯ ಬಂದೂಕಿನ ನಳಿಗೆ ಕೊರೆಯುವವರಲ್ಲಿತ್ತು. ಅವರ ಡ್ರಿಲ್ಲಿಗೆ ಒಂದೇ ಅಲಗು. ಕೊರೆಯುವಾಗಿನ ಒತ್ತಡ ಅದರ ದುಂಡು ಬೆನ್ನನ್ನು ರಂಧ್ರದ ಗೋಡೆಗೆ ಒತ್ತಿ ಹಿಡಿಯುತ್ತದೆ. ಆಗಲೇ ಕೊರೆದ ನೇರ ದಾರಿಯೇ ಮುಂದಿನ ದಾರಿಯನ್ನು ನೇರವಾಗಿಡುತ್ತದೆ. ಮಂಡ್ಯದ ಲೇತ್ ಅಂಗಡಿಯೊಂದರಲ್ಲಿ ಮೂರು ನೂಲಿನ ಉಕ್ಕಿನ ಸರಳೊಂದರ ತುದಿಯನ್ನು ಎರಡಂಗುಲ ಉದ್ದಕ್ಕೆ ಅರೆದು, ಸುಮಾರು ಅರ್ಧದಷ್ಟೇ ದಪ್ಪ ಉಳಿಸಿದೆವು. ತುದಿಯನ್ನು ಓರೆಮಾಡಿ ಒಂದೇ ಅಲಗು ತೆಗೆದೆವು. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದಾಗ ಅದು ಗಾಜಿನಂತೆ ಪೆಡಸಾಯಿತು. ಒಣಹುಲ್ಲಿನ ಬಣ್ಣ ಬರುವವರೆಗೆ ಮತ್ತೆ ಕಾಯಿಸಿ ಹದಕ್ಕೆ ತಂದೆವು.

ಇನ್ನೊಂದು ಮಾತು. 1774ರಲ್ಲಿ ಇಂಗ್ಲೆಂಡಿನ ಜಾನ್ ವಿಲ್ಕಿನ್ಸನ್ ಸ್ವಾಮ್ಯಪತ್ರ ಪಡೆದ ಫಿರಂಗಿ ಕೊರೆಯುವ ವಿಧಾನದಲ್ಲಿ ತಿರುಗುತ್ತಿದ್ದುದು ಫಿರಂಗಿ, ಕೊರೆಯುವ ಸಲಾಕೆಯಲ್ಲ. ನಾವೂ ಹಾಗೆಯೇ ಮರವನ್ನು ಲೇತಿಗೆ ಕಚ್ಚಿಸಿ ತಿರುಗಿಸಿದೆವು, ಸರಳನ್ನು ಸುಮ್ಮನೆ ಹಿಡಿದೆವು. ಬಾಯಿಯ ಒಂದಂಗುಲವನ್ನು ಮಾತ್ರ ಸಾಧಾರಣ ಡ್ರಿಲ್ಲಿನಿಂದ ಕೊರೆದುಕೊಳ್ಳಬೇಕು. ಆ ಒಂದಂಗುಲ ಸೊಟ್ಟಗಾದರೆ ಉಳಿದುದೂ ನಿಷ್ಠೆಯಿಂದ ಸೊಟ್ಟಗೇ ಹೋಗುತ್ತದೆ.

ಪರೀಕ್ಷೆಯ ಕೊರಡು ದಾಟಿದ ಮೇಲೂ ಮೂಕಿಮರವನ್ನು ಕಚ್ಚಿಸುವಾಗ ನನ್ನ ಕೈ ನಡುಗಿತು. ಅರ್ಧ ಅಂಗುಲ ಇಳಿದೊಡನೆ ಸರಳನ್ನು ಹೊರಗೆಳೆದು ಪುಡಿ ಕೊಡವುವುದು, ಮತ್ತೆ ಇಳಿಸುವುದು. ಅವಸರಪಟ್ಟು ಎರಡು ಬಾರಿ ಕೊಡವದೆ ಬಿಟ್ಟೆ. ಪುಡಿ ಬಿಗಿದುಕೊಂಡು ರಂಧ್ರದಿಂದ ಸುಟ್ಟ ವಾಸನೆ ಬಂದಿತು. "ಅವಸರ ಮಾಡಬ್ಯಾಡಿ, ಅದೇನು ರೈಲು ಹಿಡಿಯೋಕೆ ಹೊಂಟಿಲ್ಲ" ಎಂದು ಆಚಾರ್ರು ಗದರಿದರು. ಮುಕ್ಕಾಲು ಗಂಟೆಯ ಮೇಲೆ, ಅತ್ತಣ ತುದಿಯಲ್ಲಿ ಮರ ಸಣ್ಣಗೆ ಉಬ್ಬಿ ಅಲಗು ಮಿನುಗಿತು.

ನಡುಬಿಂದುವಿಗೆ ಒಂದು ನೂಲು ತಪ್ಪಿತ್ತು. ನಾನು ಅಡಿಕೋಲನ್ನು ಮತ್ತೆ ಮತ್ತೆ ಇಡುವುದನ್ನು ಕಂಡು ಆಚಾರ್ರು ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು. "ಬಿಡಿ ಮೇಷ್ಟ್ರೇ. ನಿಮ್ಮಪ್ಪಾರು ಗಾಡಿ ಹೊಡೀವಾಗ ಇದಕ್ಕಿಂತ ಹೆಚ್ಚೇ ಆಚೀಚೆ ಆಗ್ತಿತ್ತು" ಎಂದು, ರಂಧ್ರಕ್ಕೆ ಬಾಯಿಟ್ಟು ಊದಿದರು. ಕೆಂಪುಗಂದು ಪುಡಿ ನನ್ನ ಬಿಳಿ ಅಂಗಿಯ ತುಂಬ ಹಾರಿತು.